ಸುದ್ದಿ ಕೇಳಿ ಕಡ್ಡಿ ಕೊಡಬೇಕು

ಪವಿತ್ರಾ ನನ್ನ ಹತ್ತಿರ ಕೇಳಿದ್ದು ಡಿಸೈನ್ ಪುಸ್ತಕ. ಹೊನ್ನಾವರ ಪೇಟೆಯ ಒಂದು ಮಹಡಿಯ ಮೇಲೆ ಮೂವತ್ತೆಂಟು ವರ್ಷ ಕೂತು ಮಣಿಸರಗಳಿಗೂ ಕ್ರೋಶಾ ಟೋಪಿಗಳಿಗೂ ವಿನ್ಯಾಸ ಮಾಡಿದವಳ ಬಳಿ ಅಂಥದ್ದೊಂದು ದಪ್ಪ ಪುಸ್ತಕ ಇದ್ದೇ ಇರುತ್ತದೆ ಎಂದು ಅವಳು ನಂಬಿದ್ದಳು. ನಿವೃತ್ತಿಯ ದಿನ ನಾನು ಅವಳ ಕೈಗೆ ಕೊಟ್ಟದ್ದು ಒಂದು ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಮಾದರಿಗೆಂದು ಹೆಣೆದ ಕೆಲವು ತುಂಡುಗಳು, ಜೋಡಿ ಕಳೆದುಕೊಂಡ ಮಣಿಗಳು, ಯಾರದೋ ಮದುವೆ ಕರೆಯೋಲೆಯ ಬೆನ್ನಿಗೆ ಗೀಚಿದ ನಾಲ್ಕು ಹೂವುಗಳು ಇದ್ದವು.

"ಇಷ್ಟೇಯಾ ಲಲಿತಕ್ಕಾ?" ಎಂದಳು.

"ಇಷ್ಟೇ. ಉಳಿದದ್ದು ಬಾಯಲ್ಲಿ ಹೇಳ್ತೆ."

"ಬಾಯಲ್ಲಿ ಬ್ಯಾಡ. ವಾಟ್ಸಾಪಲ್ಲಿ ಹಾಕಿ. ಎಲ್ಲರಿಗೂ ಒಟ್ಟಿಗೇ ಹೋಗ್ತದೆ."

ನಾನು ಹಾಕಲಿಲ್ಲ. ಅವಳು ಕೇಳಲಿಲ್ಲ. ಕಳೆದ ತಿಂಗಳು ಭಟ್ಕಳದ ಟೋಪಿ ಅಂಗಡಿಯಿಂದ ಒಂದು ದೊಡ್ಡ ಚೀಲ ವಾಪಸು ಬಂತು. ಅಳತೆ ಒಂದಕ್ಕೊಂದು ಹೊಂದುವುದಿಲ್ಲವಂತೆ. ಅಂಗಡಿಯನ್ನು ಈಗ ನೋಡಿಕೊಳ್ಳುವುದು ಹಳೆಯ ಯಜಮಾನರ ಮಗ. ಅಪ್ಪನಷ್ಟು ತಾಳ್ಮೆ ಅವನಿಗಿಲ್ಲ. ಇನ್ನೊಂದು ಸಲ ಹೀಗಾದರೆ ಮಿಷನ್ನಿನ ಟೋಪಿ ತರಿಸುತ್ತೇನೆ ಎಂದಿದ್ದಾನೆ. ಹಾಗಾದರೆ ಮನೆಯಲ್ಲೇ ಕೂತು ಟೋಪಿ ಹೆಣೆಯುವ ನಮ್ಮ ಹನ್ನೊಂದು ಹೆಂಗಸರ ಕೆಲಸ ಹೋಗುತ್ತದೆ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಪವಿತ್ರಾ, ಇದು ನಿನಗೆ. ನಿನ್ನ ಹಾಗೆ ಈ ಕೆಲಸಕ್ಕೆ ಹೊಸದಾಗಿ ಬಂದು ಕೂತವರು ಬೇರೆ ಯಾರಾದರೂ ಇದ್ದರೆ ಅವರಿಗೂ.

ಬಡ್ತಿಯ ವಿಷಯ ಬರೆಯುವುದಿಲ್ಲ. ನನಗೆ ಬಡ್ತಿ ಸಿಕ್ಕಿದ್ದು ಒಂದೇ ಸಲ, ಸ್ಟೂಲಿನಿಂದ ಬೆನ್ನಿರುವ ಕುರ್ಚಿಗೆ. ಆ ಕುರ್ಚಿಯ ಒಂದು ಕಾಲು ಗಿಡ್ಡ.

ನನ್ನ ತವರು ಹೊನ್ನಾವರದ ಹೊಳೆಯಾಚೆಯ ಕಾಸರಕೋಡ. ಅಪ್ಪ ಮೊದಲು ದೋಣಿಗೆ ಹೋಗುತ್ತಿದ್ದರು. ಬೆನ್ನು ನೋವು ಬಂದ ಮೇಲೆ ದಂಡೆಯಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಿದ್ದರು. ನಾನು ಅಕ್ಷರ ಕಲಿಯುವ ಮೊದಲೇ ಬಲೆಯ ಗಂಟು ಕಲಿತಿದ್ದೆ. ಅಪ್ಪನಿಗೆ ಒಂದು ವಿದ್ಯೆ ಇತ್ತು. ಕಣ್ಣುಮುಚ್ಚಿ ಬಲೆ ಸವರಿ, "ಇದು ಮಂಜುನ ಗಂಟು, ಇದು ದೇವಪ್ಪಂದು" ಎಂದು ಹೇಳಿಬಿಡುತ್ತಿದ್ದರು. ಒಮ್ಮೆ ಸ್ವಲ್ಪ ಹೊತ್ತು ಸವರಿ, "ಇದೂ ದೇವಪ್ಪಂದೇ, ಆದ್ರೆ ಹೆಂಡ್ತಿ ಸಂಗ್ತಿ ಜಗಳ ಆಡ್ಕಂಡು ಬಂದ ದಿನದ್ದು" ಅಂದರು. ನಾವೆಲ್ಲ ನಕ್ಕೆವು. ಆ ಮಾತಿನ ಬೆಲೆ ನನಗೆ ತಿಳಿಯಲು ಸುಮಾರು ವರ್ಷ ಹಿಡಿಯಿತು.

ಕೆಲಸಕ್ಕೆ ಸೇರಿಸಿಕೊಂಡವರು ಅಕ್ಕೋರು. ಕುಮಟಾದ ಒಂದು ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದು, ನೌಕರಿ ಬಿಟ್ಟು ಹೊನ್ನಾವರದಲ್ಲಿ ಈ ಕೇಂದ್ರ ತೆರೆದಿದ್ದರು. ಟೀಚರುಗಳನ್ನು ನಮ್ಮ ಕಡೆ ಅಕ್ಕೋರು ಎನ್ನುವುದು ರೂಢಿ. ಶಾಲೆ ಬಿಟ್ಟರೂ ಆ ಹೆಸರು ಅವರನ್ನು ಬಿಡಲಿಲ್ಲ, ಬೆತ್ತದಂಥ ನೋಟವೂ ಬಿಡಲಿಲ್ಲ. ಮೊದಲ ದಿನ ನನ್ನ ಮುಂದೆ ಒಂದು ತಟ್ಟೆ ಹಸಿರು ಮಣಿ ಇಟ್ಟು, ಸರ ಪೋಣಿಸು ಎಂದರು. ಪರೀಕ್ಷೆ ಎಂದು ಗೊತ್ತಿತ್ತು. ನನಗೆ ಬರುತ್ತಿದ್ದ ವಿದ್ಯೆಯನ್ನೆಲ್ಲ ಅದಕ್ಕೆ ಹಾಕಿದೆ. ಒಂದೊಂದು ಮಣಿಗೂ ಒಂದೊಂದು ಗಂಟು ಬಿಗಿದು ಕೊಟ್ಟೆ.

ಅಕ್ಕೋರು ಅದನ್ನು ಕನ್ನಡಕದ ಮೇಲಿನಿಂದ ನೋಡಿದರು, ಒಳಗಿನಿಂದ ನೋಡಿದರು. "ಇದು ಕೊರಳಿಗೆ ಹಾಕೂದಾ, ಬಂಗಡೆ ಹಿಡಿಯೂದಾ?" ಎಂದರು.

ಗಂಟು ಹಾಕಬಾರದೆಂದು ಕಟ್ಟಪ್ಪಣೆಯಾಯಿತು. ನಾನು ಬಿಟ್ಟೆ. ಆರು ತಿಂಗಳ ನಂತರ ಒಂದು ಸಂಕಷ್ಟಿಯ ದಿನ ಇಡಗುಂಜಿಯ ಗಣಪತಿ ದೇವಸ್ಥಾನಕ್ಕೆ ಹೋಗಿದ್ದೆ. ಸರದಿ ಉದ್ದವಿತ್ತು. ನನಗಿಂತ ನಾಲ್ಕೈದು ಜನ ಮುಂದೆ ನಿಂತಿದ್ದ ಹೆಂಗಸಿನ ತೋಳಿನಲ್ಲಿದ್ದ ಮಗು ಏನನ್ನೋ ಹಿಡಿದು ಎಳೆಯಿತು. ಆಕೆ "ಅಯ್ಯೋ" ಎಂದು ಥಟ್ಟನೆ ಕೆಳಗೆ ಬಾಗಿದರು. ಹಿಂದಿನವರು ಇಲ್ಲಿ ಬಾಗಿ ನೆಲ ಮುಟ್ಟಬೇಕೇನೋ ಎಂದು ತಾವೂ ಬಾಗಿದರು. ಅವರನ್ನು ನೋಡಿ ಅವರ ಹಿಂದಿನವರು ಬಾಗಿದರು. ಸರದಿಗೆ ಸರದಿಯೇ ಭಕ್ತಿಯಿಂದ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ನಾನೂ ಒತ್ತಿಕೊಂಡೆ. ಆಗ ನನ್ನ ಕಾಲ್ಬೆರಳಿನ ಹತ್ತಿರ ಒಂದು ಹಸಿರು ಮಣಿ ಉರುಳಿ ಬಂದು ನಿಂತಿತು. ಎಲ್ಲೋ ನೋಡಿದ ಮಣಿ ಅನಿಸಿತು. ನನ್ನದೇ ಮಣಿ.

ಒಂದೇ ದಾರದಲ್ಲಿ ಪೋಣಿಸಿದ ಮೂರೆಳೆಯ ಸರ, ಒಂದು ಕಡೆ ತುಂಡಾಗಿದ್ದೇ ಅಷ್ಟೂ ಮಣಿ ಅಂಗಳವೆಲ್ಲ ಹರಡಿತ್ತು. ಎಲ್ಲರೊಟ್ಟಿಗೆ ನಾನೂ ಹೆಕ್ಕಿಕೊಟ್ಟೆ. ಆಕೆ ಸೆರಗಿನಲ್ಲಿ ತುಂಬಿಕೊಳ್ಳುತ್ತ, "ಯಾವ ಪುಣ್ಯಾತಗಿತ್ತಿ ಮಾಡಿದ್ದೋ ಏನೋ" ಎಂದು ಬೈದರು. "ಯಾರೋ ಏನೋ, ಈಗಿನವ್ರಿಗೆ ಕೆಲ್ಸದ ಮೇಲೆ ಲಕ್ಷ್ಯವೇ ಇಲ್ಲ" ಎಂದು ನಾನೂ ದನಿಗೂಡಿಸಿದೆ. ದೇವರ ಎದುರೇ ಸುಳ್ಳು ಹೇಳಿದ್ದಕ್ಕೆ ಆಮೇಲೆ ಒಂದು ತೆಂಗಿನಕಾಯಿ ಒಡೆಸಿದೆ.

ಮರುದಿನ ಅಕ್ಕೋರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಗಂಟು ಹಾಕು. ಆದ್ರೆ ಕಾಣದ ಹಾಗೆ ಹಾಕು" ಎಂದರು. ತಪ್ಪು ಒಪ್ಪಿಕೊಳ್ಳುವುದರಲ್ಲಿ ಅವರು ಅಷ್ಟರವರೆಗೆ ಮಾತ್ರ ಬರುತ್ತಿದ್ದರು. ಅಲ್ಲಿಂದೀಚೆ ನಮ್ಮ ಸರ ತುಂಡಾದರೆ ಬೀಳುವುದು ಒಂದೇ ಮಣಿ.

ತಪ್ಪಿನ ವಿಷಯ ಬಂದಿದ್ದರಿಂದ ಕರಿಮಣಿಯದನ್ನೂ ಹೇಳಿಬಿಡುತ್ತೇನೆ. ಮುತ್ತೈದೆಯರು ಕರಿಮಣಿಯನ್ನು ಹೊಸದಾಗಿ ಪೋಣಿಸಲು ಕೊಟ್ಟಾಗ ಕೊರಳು ಬರಿದಾಗಿರಬಾರದೆಂದು ಒಂದು ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಕೂರುತ್ತಾರೆ. ಅವರ ಜೀವವೆಲ್ಲ ನಿಮ್ಮ ಸೂಜಿಯ ಮೇಲೆ ಇರುತ್ತದೆ, ಬೇಗ ಕೊಡಬೇಕು. ಕುಮಟಾದ ಹೊಸ ಮದುಮಗಳೊಬ್ಬಳಿಗೆ ಒಂದು ಸಂಜೆ ಟ್ಯೂಬ್‌ಲೈಟಿನ ಬೆಳಕಲ್ಲಿ ಹಾಗೆ ಗಡಿಬಿಡಿಯಲ್ಲಿ ಪೋಣಿಸಿಕೊಟ್ಟೆ. ಮರುದಿನ ಬೆಳಿಗ್ಗೆ ಅವಳು ಮತ್ತೆ ಅರಿಶಿನದ ಕೊಂಬು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದಳು. ಹಿಂದೆ ಕೊಡೆ ಹಿಡಿದ ಅತ್ತೆ. ಬಿಸಿಲಿಗೆ ಹಿಡಿದು ನೋಡಿದರೆ ಸರದ ಅರ್ಧ ಕಪ್ಪು, ಅರ್ಧ ಕಡು ನೀಲಿ. ಎರಡು ಡಬ್ಬಿಗಳು ಒಂದರ ಪಕ್ಕ ಒಂದಿದ್ದವು. ಆ ಬೆಳಕಲ್ಲಿ ನನಗೆ ಎರಡೂ ಒಂದೇ ಆಗಿ ಕಂಡಿದ್ದವು.

ಅಕ್ಕೋರು ಸೋಲುವವರಲ್ಲ. "ಇದು ಈಗ ಬೊಂಬಾಯಿ ಫ್ಯಾಶನ್" ಎಂದರು.

ಅತ್ತೆ ಕೊಡೆ ಮಡಚಿದರು. "ಹೌದಾ? ಬೊಂಬಾಯಲ್ಲಿ ಗಂಡಂದಿರೂ ಅರ್ಧ ನೀಲಿ ಇರ್ತ್ರಾ?" ಎಂದರು.

ಅತ್ತೆ ಸೊಸೆ ಇಬ್ಬರೂ ನನ್ನ ಎದುರೇ ಕೂತು, ಒಂದೊಂದು ಮಣಿಯನ್ನೂ ಬಾಗಿಲಿಗೆ ಒಯ್ದು ಬಿಸಿಲಲ್ಲಿ ನೋಡಿ ತಂದುಕೊಟ್ಟರು. ನಾನು ಪೋಣಿಸಿದೆ. ಪವಿತ್ರಾ, ಕಪ್ಪು ಮಣಿಯನ್ನು ಬಾಗಿಲಲ್ಲಿ ನಿಂತೇ ಆರಿಸು. ನಿನ್ನ ಫೋನಿನ ಟಾರ್ಚಿಗೂ ಅದು ಸುಳ್ಳೇ ಹೇಳುತ್ತದೆ.

ಟೋಪಿಯ ಕೆಲಸ ಶುರುವಾದದ್ದು ಗೋಕರ್ಣದ ಪರದೇಶಿಗಳಿಂದ. ಸಮುದ್ರದ ಬಿಸಿಲಿಗೆ ಅಗಲ ಅಂಚಿನ ಟೋಪಿ ಬೇಕೆಂದು ಒಬ್ಬ ಉದ್ದ ಗಡ್ಡದವನು ಬಂದ. ಹತ್ತಿಯ ನೂಲಲ್ಲಿ ಹೆಣೆದೆ. ಚೆಂದವೇ ಬಂತು, ಆದರೆ ಅಂಚು ಜೋತು ಅವನ ಮೂಗಿನ ಮೇಲೆ ಬೀಳುತ್ತಿತ್ತು. ಸೀರೆಗೆ ಹಾಕುವ ಹಾಗೆ ಗಟ್ಟಿ ಗಂಜಿ ಹಾಕಿದೆ, ಕುಚ್ಚಲಕ್ಕಿಯದು. ಒಣಗಿದ ಮೇಲೆ ಟೋಪಿ ಹಪ್ಪಳದ ಹಾಗೆ ನಿಂತಿತು. ಅವನು ನನ್ನ ಎರಡೂ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಹೋದ. ಎರಡು ದಿನದಲ್ಲಿ ಬರಿ ತಲೆಯಲ್ಲಿ ಹಿಂತಿರುಗಿದ. ದಂಡೆಯ ಮೇಲೆ ಮಲಗಿದ್ದಾಗ ಒಂದು ದನ ಬಂದು ಅಂಚನ್ನು ಪೂರ್ತಿ ತಿಂದು, ನೆತ್ತಿಯ ಭಾಗ ಬಿಟ್ಟು ಹೋಯಿತಂತೆ. ಅವನಿಗೆ ಸಿಟ್ಟೇನೂ ಇರಲಿಲ್ಲ. ಅಂಥದ್ದೇ ಇನ್ನೊಂದು ಬೇಕೆಂದ. ನಾನು ಈ ಸಲ ಅಂಚಿನೊಳಗೆ ಗಾಳದ ದಪ್ಪ ನೈಲಾನ್ ದಾರ ಸೇರಿಸಿ ಹೆಣೆದೆ. ಅಪ್ಪನ ಪೆಟ್ಟಿಗೆಯಿಂದ ತೆಗೆದದ್ದು. ಆ ಟೋಪಿ ಇವತ್ತಿಗೂ ನಮ್ಮಲ್ಲಿ ಖರ್ಚಾಗುತ್ತದೆ. ದನಗಳ ಕಡೆಯಿಂದ ತಕರಾರು ಬಂದಿಲ್ಲ.

ಇನ್ನು ಭಟ್ಕಳದ ಸಂಗತಿ. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಭಟ್ಕಳದ ಮುಖ್ಯ ಪೇಟೆಯಲ್ಲಿ ಯೂಸುಫ್ ಭಾಯಿ ಎಂಬವರ ಟೋಪಿ ಅಂಗಡಿ. ನಮಾಜಿಗೆ ಹಾಕುವ ಬಿಳಿ ಜಾಳಿ ಟೋಪಿಗೆ ನಾನು ಒಂದು ಹೊಸ ವಿನ್ಯಾಸ ಮಾಡಿದ್ದೆ. ನೆತ್ತಿಯಿಂದ ಶುರುವಾಗಿ ಸುತ್ತುಸುತ್ತಾಗಿ ಬಿಚ್ಚಿಕೊಳ್ಳುವ ಎಂಟು ಎಸಳು. ಅವರಿಗೆ ಬಹಳ ಹಿಡಿಸಿತು. ರಂಜಾನಿಗೆಂದು ದೊಡ್ಡ ಆರ್ಡರ್ ಕೊಟ್ಟರು. ನಾನು ಕಾಸರಕೋಡ ಸುತ್ತಮುತ್ತಲಿನ ಹನ್ನೊಂದು ಹೆಂಗಸರಿಗೆ ಹೇಳಿಕೊಟ್ಟೆ. ಒಂದೇ ನೂಲು, ಒಂದೇ ನಂಬರಿನ ಕ್ರೋಶಾ ಕಡ್ಡಿ, ಒಂದೇ ಲೆಕ್ಕದ ಸುತ್ತು. ಇಡೀ ಊರಿಗೆ ಟೋಪಿ ಹಾಕಲು ಹೊರಟವಳು ಎಂದು ನೆರೆಯವರು ಚಾಳಿಸಿದರು.

ಅಳತೆ ನೋಡಲು ನಮ್ಮಲ್ಲಿ ಒಂದು ಅಲ್ಯುಮಿನಿಯಂ ತಪ್ಪಲೆ ಇತ್ತು. ಸರಿಯಾಗಿ ಒಂದು ತಲೆಯಷ್ಟು ದಪ್ಪ. ಅದನ್ನು ಬೋರಲು ಹಾಕಿ ಟೋಪಿ ತೊಡಿಸಿ ನೋಡುವುದು. ನಾನು ಹೆಣೆದ ಮಾದರಿಯನ್ನು ತೊಡಿಸಿ ನೋಡಿದೆ, ಸರಿಯಾಗಿತ್ತು. ಉಳಿದವೂ ಹಾಗೆಯೇ ಇರುತ್ತವೆ ಎಂದುಕೊಂಡೆ. ಲೆಕ್ಕ ಒಂದೇ ಆದ ಮೇಲೆ ಟೋಪಿ ಬೇರೆ ಹೇಗಾದೀತು? ಮಡಚಿ ಕಟ್ಟಿ ಚೀಲಕ್ಕೆ ತುಂಬಿದೆ.

ನಾನೂ ಅಕ್ಕೋರೂ ಬಸ್ಸಿನಲ್ಲಿ ಚೀಲ ಹೊತ್ತುಕೊಂಡು ಹೋದೆವು. ಯೂಸುಫ್ ಭಾಯಿ ಚಾ ತರಿಸಿ, ಮೊದಲ ಟೋಪಿ ತೆಗೆದು ತಲೆಗಿಟ್ಟರು. ಅದು ಚೊಂಬಿನ ಮೇಲೆ ಲೋಟ ಇಟ್ಟ ಹಾಗೆ ಕೂತಿತು. ಎರಡನೆಯದನ್ನು ಇಟ್ಟರು. ಅದು ಕಿವಿ ದಾಟಿ ಹುಬ್ಬಿನ ತನಕ ಬಂತು. ಒಂದರ ಹಿಂದೆ ಒಂದು ಇಡುತ್ತಲೇ ಹೋದರು. ಎದುರಿನ ಅಂಗಡಿಯವರು ನೋಡಲು ಬಂದು ನಿಂತರು. ಆ ಮನುಷ್ಯ ದನಿ ಎತ್ತಲಿಲ್ಲ. ಎರಡು ಟೋಪಿ ಎತ್ತಿ ಹಿಡಿದು, "ಅಕ್ಕಾ, ಇದು ನನ್ನ ಮೊಮ್ಮಗನಿಗೆ ಆಗ್ತದೆ. ಇದು ನನಗೂ ನನ್ನ ತಮ್ಮನಿಗೂ ಒಟ್ಟಿಗೆ ಆಗ್ತದೆ. ಅಂಗಡಿಯಲ್ಲಿ ಎಂತ ಹೇಳಿ ಮಾರೂದು?" ಎಂದರು.

ಕೆಳಗೆ ನೆಲ ಬಾಯಿ ತೆರೆದರೆ ಸಾಕು ಅನಿಸಿತು. ಚಾ ಕುಡಿಯದೆ ಎದ್ದದ್ದಕ್ಕೆ ಮಾತ್ರ ಅವರಿಗೆ ಬೇಜಾರಾಯಿತು. "ರಂಜಾನ್‌ಗೆ ಇನ್ನೂ ಎರಡು ತಿಂಗಳು ಉಂಟು. ಒಂದೇ ಅಳತೆಯಲ್ಲಿ ತನ್ನಿ, ಅಷ್ಟೂ ತಗೊಳ್ತೇನೆ. ಮತ್ತೆ ಹೀಗೇ ಆದ್ರೆ ನಾನು ಬೇರೆಯವರನ್ನ ನೋಡ್ಬೇಕಾಗ್ತದೆ, ತಪ್ಪು ತಿಳೀಬೇಡಿ" ಎಂದರು.

ಚೀಲ ಹೊತ್ತು ಮತ್ತೆ ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿ ಒಂದು ಕೂಸು ಒಂದೇ ಸಮನೆ ಅಳುತ್ತಿತ್ತು. ಅಕ್ಕೋರು ಚೀಲಕ್ಕೆ ಕೈ ಹಾಕಿ ಸಿಕ್ಕ ಟೋಪಿ ತೆಗೆದು ಅದರ ತಲೆಗೆ ಹಾಕಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕೂಸು ಅಳು ನಿಲ್ಲಿಸಿತು. ಅಕ್ಕೋರು ನನ್ನ ಕಡೆ ತಿರುಗಿ, "ಇನ್ನೊಂದ್ಸಲ ವಾಪಸ್ ಬಂದ್ರೆ ಟೋಪಿ ಕೆಲ್ಸ ಬಂದ್. ಹನ್ನೊಂದು ಮಂದಿಗೂ ನೀನೇ ಹೋಗಿ ಹೇಳ್ಬೇಕು" ಎಂದರು.

ಆ ಹನ್ನೊಂದು ಜನರಲ್ಲಿ ಹೆಚ್ಚಿನವರಿಗೆ ಅದು ಮೊದಲ ಸಲ ತಮ್ಮದೇ ಎನ್ನುವ ಕೆಲಸ. ಹೇಳುವುದು ಹೇಗೆ? ಮರುದಿನದಿಂದ ತಪ್ಪಲೆ ಹಿಡಿದುಕೊಂಡು ಮನೆಮನೆ ತಿರುಗಿದೆ. ಮಾದೇವಿಯ ಟೋಪಿ ಎಲ್ಲಕ್ಕಿಂತ ಬಿಗಿ. ಎದುರು ಕೂತು ಹೆಣೆಯಲು ಹೇಳಿದೆ. ಸುತ್ತು ಸರಿ, ಕುಣಿಕೆ ಸರಿ. ಆದರೆ ಒಳಗಿನಿಂದ ಅತ್ತೆ ಕೆಮ್ಮಿದಾಗಲೆಲ್ಲ ಅವಳು ನೂಲನ್ನು ಒಮ್ಮೆ ಜಗ್ಗುತ್ತಿದ್ದಳು. ಮೀನು ಒಣಗಿಸುವ ಜಾಗದ ವಿಷಯಕ್ಕೆ ಇಬ್ಬರಿಗೂ ಮಾತು ಬಿಟ್ಟು ಹೋಗಿತ್ತು. ಅದೇ ಕೇರಿಯ ಶಾಂತಿಯ ಟೋಪಿ ಎಲ್ಲಕ್ಕಿಂತ ಸಡಿಲ. ಅವಳ ಮಗಳಿಗೆ ಆ ವಾರವಷ್ಟೇ ಸಂಬಂಧ ಕೂಡಿಬಂದಿತ್ತು. ಕುಣಿಕೆಗಳು ಅವಳಷ್ಟೇ ಹಿಗ್ಗಿ ಕೂತಿದ್ದವು.

ಆಗ ಅಪ್ಪ ದೇವಪ್ಪನ ಗಂಟಿನ ಬಗ್ಗೆ ಹೇಳಿದ್ದು ನೆನಪಾಯಿತು.

ಖಾತ್ರಿ ಆಗಬೇಕಿತ್ತು. ಮುಂದಿನ ವಾರ ಹೋದರೆ ಮಾದೇವಿಯ ಟೋಪಿ ತಪ್ಪಲೆಯ ಮೇಲೆ ಜಾರಿ ಸರಿಯಾಗಿ ಕೂತಿತು. "ಮಾದೇವೀ, ಮನೇಲಿ ಎಂತ ಸುದ್ದಿ?" ಎಂದೆ.

"ಎಂತ ಇಲ್ಲೆ. ಅತ್ತೆ ಹಿರೇಗುತ್ತಿಗೆ ಮಗಳ ಮನೆಗೆ ಹೋಗಿದ್ರು."

ನಾನು ಎದ್ದು ಕೈ ತಟ್ಟಿ ಕುಣಿದೇಬಿಟ್ಟೆ. ಮಾದೇವಿ ನನ್ನನ್ನೇ ನೋಡಿ, "ನನ್ನ ಅತ್ತೆ ಹೋದ್ರೆ ನಿಂಗೆ ಎಂತಕೇ ಇಷ್ಟು ಖುಷಿ, ಮಾರಾಯ್ತಿ?" ಎಂದಳು.

ಯಾರ ಕೈಯನ್ನೂ ತಿದ್ದಲು ಆಗುವುದಿಲ್ಲ, ಯಾರ ಅತ್ತೆಯನ್ನೂ ವರ್ಷವಿಡೀ ಹಿರೇಗುತ್ತಿಯಲ್ಲಿ ಇಡಲೂ ಆಗುವುದಿಲ್ಲ. ಬದಲಿಸಬಹುದಾದದ್ದು ಕಡ್ಡಿ ಒಂದೇ. ಕೈ ಬಿಗಿ ಇದ್ದವರಿಗೆ ದಪ್ಪ ಕಡ್ಡಿ ಕೊಟ್ಟರೆ ಕುಣಿಕೆ ದೊಡ್ಡದಾಗಿ ಅಳತೆ ಸರಿಹೋಗುತ್ತದೆ. ಸಡಿಲ ಕೈಯವರಿಗೆ ಸಣ್ಣ ಕಡ್ಡಿ. ಆದರೆ ಈ ವಾರ ಬಿಗಿಯಾದ ಕೈ ಮುಂದಿನ ವಾರ ಸಡಿಲಾಗುತ್ತದೆ. ಹಾಗಾಗಿ ಸೋಮವಾರ ನೂಲು ತೆಗೆದುಕೊಂಡು ಹೋಗಲು ಬಂದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಮನೆಯಲ್ಲಿ ಎಂತ ಸುದ್ದಿ ಎಂದು ಕೇಳಿ, ಕೇಳಿದ್ದಕ್ಕೆ ತಕ್ಕ ಕಡ್ಡಿ ಕೊಡಲು ಶುರುಮಾಡಿದೆ. ಗಂಡನ ಕುಡಿತಕ್ಕೆ ದಪ್ಪದ್ದು. ಮಗ ಪಾಸಾದರೆ ಸಣ್ಣದು. ನಾದಿನಿ ನಾಲ್ಕು ದಿನಕ್ಕೆಂದು ಬಂದು ನಿಂತಿದ್ದರೆ ನಡುವಿನದ್ದು. ಎಂಟು ದಿನ ದಾಟಿದರೆ ದಪ್ಪದ್ದು.

ಅಕ್ಕೋರಿಗೆ ಹೇಳಲು ಧೈರ್ಯ ಬರಲಿಲ್ಲ. ಅವರಿಗೆ ಕಂಡದ್ದು ಕೆಲಸ ಬಿಟ್ಟು ಹರಟುವ ಲಲಿತಾ. ಎರಡನೆಯ ಸೋಮವಾರ ಬಾಗಿಲಲ್ಲಿ ನಿಂತು, "ಇದೇನು ಕೆಲ್ಸದ ಜಾಗವಾ, ಬಾವಿಕಟ್ಟೆಯಾ? ಇನ್ಮೇಲೆ ನೂಲು ಕೊಟ್ಟು ಕಳಿಸೂದು, ಒಂದು ಮಾತು ಆಡೂಕಿಲ್ಲ" ಎಂದು ಗುಡುಗಿದರು. ಮೂರನೆಯ ಸೋಮವಾರ ಎಲ್ಲರಿಗೂ ಮೌನವಾಗಿ ಒಂದೇ ಕಡ್ಡಿ ಹಂಚಿದೆ. ಆ ವಾರದ ಟೋಪಿಗಳು ಮತ್ತೆ ತಮತಮಗೆ ತೋಚಿದ ಅಳತೆಯಲ್ಲಿ ಬಂದವು. ಭಟ್ಕಳಕ್ಕೆ ಒಯ್ಯಲು ಮೂರು ವಾರ ಉಳಿದಿತ್ತು.

ನಾಲ್ಕನೆಯ ಸೋಮವಾರ ಅಕ್ಕೋರು ಎದುರೇ ಕುರ್ಚಿ ಹಾಕಿಕೊಂಡು ಕೂತರು. ನಾನು ಮೌನವಾಗಿ ಕಡ್ಡಿ ಚಾಚಿದೆ. ಮಾದೇವಿ ಕೈ ಹಿಂದೆ ಕಟ್ಟಿಕೊಂಡಳು.

"ನಾ ತಕಂಬೂದಿಲ್ಲ" ಎಂದಳು. "ಸುದ್ದಿ ಕೇಳಿ ಕಡ್ಡಿ ಕೊಡೂದಾದ್ರೆ ಕೊಡು."

"ಎಂಥಾ ಸುದ್ದಿಯೇ?" ಎಂದರು ಅಕ್ಕೋರು.

"ಅತ್ತೆ ವಾಪಸ್ ಬಂದ್ರು ಅಕ್ಕೋರೇ. ಹಿರೇಗುತ್ತಿಯಿಂದ ಮಗಳನ್ನೂ ಕರ್ಕಂಡು ಬಂದ್ರು. ನಂಗೆ ಎಲ್ಲಕ್ಕಿಂತ ದಪ್ಪಂದು ಬೇಕು."

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಎಲ್ಲ ಹೇಳಿದೆ. ಅಕ್ಕೋರು ನನಗೆ ತಲೆ ಕೆಟ್ಟಿದೆ ಎಂದರು. ನಾನು ತಪ್ಪಲೆ ಬೋರಲು ಹಾಕಿ, ಮಾದೇವಿಯ ಅತ್ತೆ ಇದ್ದ ವಾರದ ಟೋಪಿ, ಅತ್ತೆ ಇಲ್ಲದ ವಾರದ ಟೋಪಿ, ಸುದ್ದಿ ಕೇಳಿ ಸಣ್ಣ ಕಡ್ಡಿ ಕೊಟ್ಟ ವಾರದ ಶಾಂತಿಯ ಟೋಪಿ, ಮೂರನ್ನೂ ಒಂದೊಂದಾಗಿ ತೊಡಿಸಿ ತೋರಿಸಿದೆ. ಅಕ್ಕೋರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, "ಮುಂದಿನವ್ರು ಬನ್ನಿ. ಮನೇಲಿ ಎಂತ ಸುದ್ದಿ?" ಎಂದರು. ಶಾಲೆಯಲ್ಲಿ ಮಗ್ಗಿ ಕೇಳುವ ದನಿ. ಆ ಹೆಂಗಸು ಹೆದರಿ, ಕೇಳದಿದ್ದುದನ್ನೂ ಹೇಳಿಬಿಟ್ಟಳು.

ಭಟ್ಕಳದಲ್ಲಿ ಯೂಸುಫ್ ಭಾಯಿ ಇಪ್ಪತ್ತು ಟೋಪಿ ತಲೆಗಿಟ್ಟು ನೋಡಿ, ಮುಂದೆ ನೋಡುವುದನ್ನೇ ಬಿಟ್ಟರು. ಹೇಗೆ ಸರಿಮಾಡಿದಿರಿ ಎಂದು ಕೇಳಿದರು. "ನಮ್ಮ ಮೇಲ್ವಿಚಾರಣೆ ಬಾಳ ಬಿಗಿ" ಎಂದರು ಅಕ್ಕೋರು. ಆ ಸಲ ನಾನು ಚಾ ಕುಡಿದೆ; ಎರಡು ಲೋಟ.

ಪವಿತ್ರಾ, ಇದರಲ್ಲಿ ಒಂದು ತೊಡಕಿದೆ. ಅದನ್ನೂ ತಿಳಿದಿರಬೇಕು. ಎಲ್ಲರೂ ಸುದ್ದಿ ಹೇಳುವುದಿಲ್ಲ. ಗುಲಾಬಿ ಎಂಬವಳಿದ್ದಾಳಲ್ಲ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಯಾವಾಗ ಕೇಳಿದರೂ "ಎಲ್ಲಾ ಆರಾಮು" ಎಂಬ ಒಂದೇ ಉತ್ತರ. ಒಂದು ಮಳೆಗಾಲ ಅವಳ ಟೋಪಿಗಳು ಎಷ್ಟು ಬಿಗಿಯಾಗಿ ಬಂದವೆಂದರೆ, ಎಲ್ಲಕ್ಕಿಂತ ದಪ್ಪ ಕಡ್ಡಿ ಕೊಟ್ಟರೂ ತಪ್ಪಲೆಯ ಅಂಚು ದಾಟಲಿಲ್ಲ. ಕೇಳಿದರೆ ಮತ್ತೆ "ಎಲ್ಲಾ ಆರಾಮು". ನಾನು ಕಡ್ಡಿ ವಾಪಸು ಇಸಿದುಕೊಂಡು, ಅವಳ ಮುಂದೆ ಒಂದು ತಟ್ಟೆ ಮಣಿ ಇಟ್ಟೆ. ಮಣಿಗೆ ಕೈಯ ಬಿಗಿ ಗೊತ್ತಾಗುವುದಿಲ್ಲ. ಅಳುತ್ತ ಪೋಣಿಸಿದರೂ ಸರ ಸರಿಯಾಗಿಯೇ ಬರುತ್ತದೆ. ಚಾಪೆಯ ಮೇಲೆ ಕೂತು ಅವಳು ಪೋಣಿಸತೊಡಗಿದಳು. ಮೂರನೆಯ ದಿನ ನಾನು ಕೇಳದೆಯೇ ಹೇಳಿದಳು. ಮಗಳು ಗಂಡನ ಮನೆ ಬಿಟ್ಟು ಬಂದು ಎರಡು ತಿಂಗಳಾಗಿದ್ದು, ಅದನ್ನು ಊರಿಗೆ ತಿಳಿಯದ ಹಾಗೆ ಇಟ್ಟುಕೊಂಡಿದ್ದು. ನನಗೆ ಸಮಾಧಾನದ ಮಾತು ಬರುವುದಿಲ್ಲ. ಅವಳ ಪಕ್ಕ ಕೂತು ನಾನೂ ಒಂದು ಎಳೆ ಪೋಣಿಸಿದೆ. ಆ ಮಗಳು ಈಗ ನಮ್ಮಲ್ಲೇ ಗೋಕರ್ಣದ ಟೋಪಿಯ ಅಂಚು ಕಟ್ಟುತ್ತಾಳೆ.

ಆದ್ದರಿಂದ "ಎಲ್ಲಾ ಆರಾಮು" ಎಂದವರ ಟೋಪಿಯನ್ನು ಎರಡು ಸಲ ತೊಡಿಸಿ ನೋಡು.

ಇದನ್ನು ಫೋನಿನ ಗುಂಪಿನಲ್ಲಿ ಕೇಳಲು ಆಗುವುದಿಲ್ಲ. ಕೇಳಿದರೆ ಹನ್ನೊಂದು ಮಂದಿಯೂ ಕೈಮುಗಿದ ಚಿತ್ರ ಕಳಿಸುತ್ತಾರೆ. ಎದುರು ಕೂರಿಸಿ, ಚಾ ತರಿಸಿ, ಅವಸರ ಮಾಡದೆ ಕೇಳಬೇಕು. ನನಗೆ ಬಂದ ವಿನ್ಯಾಸ ಇಷ್ಟೇ. ಎಂಟು ಎಸಳಿನ ಹೂವನ್ನು ಯಾರು ಬೇಕಾದರೂ ಹೆಣೆದಾರು.

ಇಲ್ಲಿಗೆ ಮುಗಿಯಿತೆಂದುಕೊಂಡು, ಪುಟಗಳ ಫೋಟೋ ತೆಗೆಸಿ ಪವಿತ್ರಾಳಿಗೆ ಕಳಿಸಿದೆ. ಅವಳು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದಳು. ನಮ್ಮ ಕಾಲದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವರು ಓದಲು ಬಾರದವರು. ಇವಳು ಓದಿದಳೋ ಇಲ್ಲವೋ ತಿಳಿಯಲಿಲ್ಲ.

ಒಂದು ತಿಂಗಳು ಕಳೆಯಿತು. ನಾನೂ ಈಗ ಮನೆಯಲ್ಲಿ ಕೂತು ಹೆಣೆಯುವವಳೇ. ಆಗೊಂದು ಈಗೊಂದು ಟೋಪಿ ಹೆಣೆದು ಯಾರ ಕೈಯಲ್ಲಾದರೂ ಕಳಿಸುತ್ತಿದ್ದೆ. ಮೊನ್ನೆ ಸೋಮವಾರ ನೂಲು ತರಲು ನಾನೇ ಹೋದೆ. ಮಹಡಿ ಹತ್ತುವಾಗಲೇ ಮಾದೇವಿಯ ದನಿ ಕೇಳಿಸಿತು. ಈಗ ಅವಳೇ ಅತ್ತೆ. ಸೊಸೆ ಮಿಕ್ಸಿ ಸುಟ್ಟ ಕತೆಯನ್ನು ಅಂಗುಲ ಅಂಗುಲವಾಗಿ ಹೇಳುತ್ತಿದ್ದ ಹಾಗಿತ್ತು. ನನ್ನ ಗಿಡ್ಡ ಕಾಲಿನ ಕುರ್ಚಿಯಲ್ಲಿ ಪವಿತ್ರಾ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ಫೋನು ಬೋರಲು ಮಲಗಿತ್ತು. ನನ್ನ ಎದೆ ಹಗುರಾಯಿತು.

ನನ್ನ ಸರದಿ ಬಂತು. "ಲಲಿತಕ್ಕಾ, ಭಟ್ಕಳದ ಟೋಪಿ ಅಷ್ಟೂ ಇಟ್ಕಂಡ್ರು. ಒಂದೂ ವಾಪಸ್ ಬರ್ಲಿಲ್ಲ" ಎಂದಳು. ನಾನು ಏನಾದರೂ ಹೇಳುವ ಮೊದಲೇ, "ಮನೇಲಿ ಎಂತ ಸುದ್ದಿ?" ಎಂದಳು.

ಮನೆಯಲ್ಲಿ ಏನಿದೆ? ಗಂಡ ಚೆನ್ನಾಗಿದ್ದಾರೆ. ಇನ್ನಾದರೂ ಆರಾಮಾಗಿರು ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾರೆ. "ಎಲ್ಲಾ ಆರಾಮು" ಎಂದೆ. ಎಂದಿನ ನಡುವಿನ ಕಡ್ಡಿಯನ್ನು ನಾನೇ ಎತ್ತಿಕೊಂಡೆ.

ಪವಿತ್ರಾ ಮೇಜಿನ ಕೆಳಗಿನಿಂದ ಮೂರು ಟೋಪಿ ತೆಗೆದಳು. "ಇವು ಮೂರು ಮಾತ್ರ ಭಟ್ಕಳಕ್ಕೆ ಕಳಿಸ್ಲಿಲ್ಲ. ನಾನೇ ಇಟ್ಕಂಡಿದ್ದೆ" ಎಂದಳು. ನನ್ನವು. ತಪ್ಪಲೆ ಬೋರಲು ಹಾಕಿ ಒಂದನ್ನು ತೊಡಿಸಿದಳು. ಅದು ನೆತ್ತಿಯ ಮೇಲೆಯೇ ನಿಂತಿತು. ಒತ್ತಿದಳು, ತಪ್ಪಲೆ ಜಾರಿತೇ ಹೊರತು ಟೋಪಿ ಇಳಿಯಲಿಲ್ಲ. ಎರಡನೆಯ ಸಲ ತೊಡಿಸಿ ನೋಡಿದಳು. ಎಲ್ಲರೂ ನೋಡುತ್ತಿದ್ದರು. ಮೂವತ್ತೆಂಟು ವರ್ಷ ಮಹಡಿಯ ಮೇಲೆ ಕೂತು ಊರವರ ಸುದ್ದಿ ಕೇಳಿದ ನಾನು, ಸೋಮವಾರ ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಲಿಕ್ಕಿಲ್ಲ ಎಂಬ ದುಃಖವನ್ನು ಯಾರಿಗೂ ಹೇಳಲಾಗದೆ, ಎಲ್ಲವನ್ನೂ ನೂಲಿಗೆ ಬಿಗಿದಿಟ್ಟಿದ್ದೆ.

ಪವಿತ್ರಾ ಟೋಪಿ ಕೆಳಗಿಟ್ಟಳು. ನನ್ನ ಕೈಯಿಂದ ಕಡ್ಡಿ ಇಸಿದುಕೊಂಡಳು. ದಪ್ಪದ್ದನ್ನು ಎತ್ತಿ, ಒಂದು ಕ್ಷಣ ಯೋಚಿಸಿ, ಅದನ್ನೂ ಕೆಳಗಿಟ್ಟಳು. ಒಂದು ತಟ್ಟೆ ಮಣಿ ತಂದು ನನ್ನ ಮುಂದೆ ಇಟ್ಟಳು. ಚಾಪೆಯ ಮೇಲೆ ಕೂತಿದ್ದ ಗುಲಾಬಿ ತಲೆ ಎತ್ತದೆ, ತುಸು ಸರಿದು ಜಾಗ ಬಿಟ್ಟಳು.

ಅಳು ಬಂತು, ನಗುವೂ ಬಂತು. ಕೂತೆ.

"ಚಾ ಬರ್ತದೆ," ಎಂದಳು ಪವಿತ್ರಾ. "ಈಗ ಹೇಳಿ."

ಹೇಳಿದೆ. ನನ್ನ ಹಿಂದೆ ನಿಂತಿದ್ದ ಇಬ್ಬರಿಗೆ ಆ ದಿನ ಮಧ್ಯಾಹ್ನದ ತನಕ ನೂಲು ಸಿಗಲಿಲ್ಲ.